ಹಳೇ ಹರಿಗೋಲು ಸೋರುತ್ತಿದೆ, ರಿಪೇರಿಗೆ ಯಾರ ಹತ್ತಿರ ಕೊಡಲಿ?

ನೀವು ಕೇಳಿದ್ದು ಇಷ್ಟು. ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯಲು ಹಳೇ ಬಿದಿರಿನ ಹರಿಗೋಲು ಕೊಂಡಿದ್ದೀರಿ, ಅದು ಸೋರುತ್ತಿದೆ. ಆನೆಗೊಂದಿ ಕಡೆ ಹೊಳೆದಂಡೆಯಲ್ಲಿ ಹೆಣೆಯುವವರಿಗೆ ಕೊಡಬೇಕಾ, ಗಂಗಾವತಿಯಲ್ಲಿ ಫೈಬರ್ ಹಾಕಿಸಬೇಕಾ ಅಂತ ಗೊತ್ತಾಗುತ್ತಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ಹರಿಗೋಲು ಇದೆ. ನಾನು ಎರಡೂ ಥರದವರ ಹತ್ತಿರ ಕೊಟ್ಟು ನೋಡಿದ್ದೇನೆ.

ಎಲ್ಲೇ ಹೋದರೂ ಮೊದಲು ಸುಮ್ನೆ ಎಷ್ಟಾಗುತ್ತೆ ಅಂತ ಕೇಳಿ. ಹರಿಗೋಲನ್ನು ಬೋರಲು ಹಾಕದೆ, ಕೈಯಿಂದ ಮುಟ್ಟದೆ ರೇಟು ಹೇಳಿಬಿಟ್ಟರೆ ಅಲ್ಲಿ ಕೊಡಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಐದಾರು ವರ್ಷದ ಹಿಂದೆ ಪೇಟೆಯಲ್ಲಿ ಒಬ್ಬರ ಹತ್ತಿರ ಕೊಟ್ಟಿದ್ದೆ. ಬೆಳಿಗ್ಗೆ ಕೊಟ್ಟೆ, ಸಂಜೆಗೆ ಕರ್ರಗೆ ಮಿಂಚುತ್ತಾ ವಾಪಸ್ ಬಂತು. ನನಗೂ ಖುಷಿ. ಆದರೆ ಅವರು ಹಳೇ ಪ್ಲಾಸ್ಟಿಕ್ ಹಾಳೆ ಬಿಚ್ಚಿರಲೇ ಇಲ್ಲ. ಅದರ ಮೇಲೆಯೇ ಡಾಂಬರು ಬಳಿದಿದ್ದರು. ಎಂಟನೇ ದಿನ ಬಲೆ ಎಳೆಯುವಾಗ ಅಪ್ಪನ ಕಾಲ ಕೆಳಗೆ ದಬ್ಬೆ, ಅಂದರೆ ಹೆಣೆದ ಬಿದಿರಿನ ಸೀಳು, ಲಟಕ್ಕನೆ ಮುರಿಯಿತು. ದಂಡೆ ಹತ್ತಿರವೇ ಇತ್ತು, ಈಜಿ ಬಂದರು. ಬಲೆ ಹೋಯಿತು. ಆ ದಿನ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಆಮೇಲೆ ಹೊಳೆದಂಡೆಯ ಒಬ್ಬ ಅಜ್ಜನ ಹತ್ತಿರ ಒಯ್ದೆವು. ಅವರು ದುಡ್ಡಿನ ಮಾತೇ ಎತ್ತಲಿಲ್ಲ. ಮಟಮಟ ಮಧ್ಯಾಹ್ನ ಹರಿಗೋಲನ್ನು ಬೋರಲು ಹಾಕಿಸಿ, ಒಂದು ಕಡೆ ಅಂಚಿಗೆ ಕಲ್ಲು ಕೊಟ್ಟು ಎತ್ತಿ, ಒಳಗೆ ನುಸುಳಿದರು. ನನ್ನನ್ನೂ ಕರೆದರು. ಒಳಗೆ ಧಗೆ, ಡಾಂಬರಿನ ವಾಸನೆ. ತಲೆ ಮೇಲೆ ಅಲ್ಲಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣುತ್ತಿತ್ತು. ಅಂಥ ಒಂದೊಂದು ಕಡೆಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಅದಾದ ಮೇಲೆ ಹೆಬ್ಬೆರಳಿನಿಂದ ದಬ್ಬೆಗಳನ್ನು ಒತ್ತುತ್ತಾ ಹೋದರು. ಒಂದು ಕಡೆ ಹಿಟ್ಟಿನಂಥ ಪುಡಿ ಅವರ ಮುಂಗೈ ಮೇಲೆ ಉದುರಿತು. "ಇದಕ್ಕ ಡಾಂಬರು ಹಚ್ಚಿದ್ರ ಏನೂ ಆಗಂಗಿಲ್ಲಪ್ಪ, ದಬ್ಬಿ ತಗೀಬೇಕು" ಅಂದರು.

ಹರಿಗೋಲಿನಲ್ಲಿ ಭಾರ ಹೊರುವುದು ಬಿದಿರು. ನೀರು ತಡೆಯುವುದು ಹೊರಗಿನ ಹಾಳೆ, ಡಾಂಬರು. ಸೋರಿಕೆ ಕಣ್ಣಿಗೆ ಕಾಣುತ್ತೆ, ಹುಳ ತಿಂದ ಬಿದಿರು ಕಾಣುವುದಿಲ್ಲ. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಇಲ್ಲಿನ ಬುಟ್ಟಿಯಂಥ ದುಂಡನೆ ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ತೊಗಲು ಹೊದಿಸುತ್ತಿದ್ದರು. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ ಅಷ್ಟೇ, ಒಳಗಿನ ಕಸುಬು ಅದೇ. ಹಾಗಾಗಿ ಬಿದಿರಿನ ಹರಿಗೋಲಿಗೆ ಹೆಣೆಯಲು ಬರುವವರೇ ಬೇಕು. ಬಳಿಯಲು ಬಂದರೆ ಸಾಲದು.

ಅವರ ಜಾಗಕ್ಕೆ ಹೋದಾಗ ಹೊಸ ಬಿದಿರು ಹೇಗಿದೆ ನೋಡಿ. ಹೆಣೆಯುವ ಮುಂಚೆ ನೀರಿನಲ್ಲಿ ನೆನೆಹಾಕುತ್ತಾರಾ ಕೇಳಿ. ನೆನೆಸಿದರೆ ಬಿದಿರಿನ ಪಿಷ್ಟ ಕಡಿಮೆಯಾಗಿ ಹುಳ ಅಷ್ಟಾಗಿ ಹತ್ತುವುದಿಲ್ಲ. ಹೋದ ವರ್ಷ ರಿಪೇರಿ ಮಾಡಿಕೊಟ್ಟ ಹರಿಗೋಲು ಯಾರ ಹತ್ತಿರ ಇದೆ ಅಂತ ಕೇಳಿ, ಹೋಗಿ ನೋಡಿ ಬನ್ನಿ. ಹಾಗೆ ಕೇಳಿದರೆ ಒಳ್ಳೇ ಕೆಲಸಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ. ಜಾಗ ದಂಡೆಯಿಂದ ಎತ್ತರದಲ್ಲಿದೆಯಾ ಅನ್ನೋದೂ ಮುಖ್ಯ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಗಿ, ಉಳಿದ ಗೇಟ್‌ಗಳನ್ನೂ ತೆರೆದು ನೀರು ಬಿಟ್ಟರಲ್ವಾ, ಆಗ ನಾವೆಲ್ಲಾ ಮೊದಲು ಓಡಿದ್ದು ಹರಿಗೋಲು ಮೇಲಕ್ಕೆ ಹೊರಲಿಕ್ಕೆ. ನೀರಂಚಿನಲ್ಲೇ ವಾರಗಟ್ಟಲೆ ನಿಮ್ಮ ಹರಿಗೋಲು ಬಿಡುವವರು ಬೇಡ.

ಇನ್ನು ಫೈಬರ್. ಹಳೇ ಬಿದಿರಿನ ಮೇಲೆ ಫೈಬರ್ ಹಾಕಿಸುವುದು ಬೇಡ ಅಂತಲೇ ನಾನು ಹೇಳುತ್ತೇನೆ. ಡಾಂಬರು ಮೆತ್ತಿದ ಜಾಗಕ್ಕಾಗಲಿ, ತೇವಕ್ಕಾಗಲಿ ರೆಸಿನ್ (ಫೈಬರ್ ಕೂರಿಸುವ ಅಂಟು) ಸರಿಯಾಗಿ ಅಂಟುವುದಿಲ್ಲ. ಬಿದಿರು ಬಾಗುತ್ತೆ, ಫೈಬರ್ ಅಷ್ಟು ಬಾಗುವುದಿಲ್ಲ, ಕೊನೆಗೆ ಬಿಟ್ಟುಕೊಳ್ಳುತ್ತೆ. ಮುಂದೆ ಪೂರ್ತಿ ಫೈಬರ್ ಹರಿಗೋಲು ತೆಗೆದುಕೊಂಡರೆ ಆಗ ಪೇಟೆಯ ವರ್ಕ್‌ಶಾಪ್ ಸರಿ. ಬಿರುಕಿನ ಸುತ್ತ ಗ್ರೈಂಡರ್ ಹಿಡಿದು ಇಳಿಜಾರಾಗಿ ಉಜ್ಜಿ, ಒಣಗಿಸಿ, ಮ್ಯಾಟ್ (ಫೈಬರ್ ನಾರಿನ ಹಾಳೆ) ಇಟ್ಟು ರೆಸಿನ್ ಹಚ್ಚುವವರಿಗೆ ಕೊಡಿ. ಬರೀ ಪುಟ್ಟಿ ಮೆತ್ತುವವರಿಗೆ ಬೇಡ. ನಮ್ಮ ಕಡೆ ಬೇಸಿಗೆಯಲ್ಲಿ ಹಾರ್ಡ್ನರ್ ಬೆರೆಸಿದ ರೆಸಿನ್ ಬೇಗ ಗಟ್ಟಿಯಾಗುತ್ತೆ. ಕೆಲಸ ಬಲ್ಲವರು ಬೆಳಗಿನ ಹೊತ್ತೇ ಸ್ವಲ್ಪ ಸ್ವಲ್ಪ ಕಲಸಿ ಮುಗಿಸುತ್ತಾರೆ.

ಮಾರ್ಚ್, ಏಪ್ರಿಲ್‌ನಲ್ಲೇ ಕೊಡಿ. ಬಿದಿರು ಚೆನ್ನಾಗಿ ಒಣಗುತ್ತೆ, ಅವರಿಗೂ ಪುರುಸೊತ್ತು ಇರುತ್ತೆ. ಹೊಳೆಗೆ ನೀರು ಬಂತು ಅಂದ ಕೂಡಲೇ ಎಲ್ಲರೂ ಹೊತ್ತು ತರುತ್ತಾರೆ, ಅವಸರದ ಕೆಲಸವಾಗುತ್ತೆ.

ದುಡ್ಡು ಒಂದೇ ಸಲಕ್ಕೆ ಕೊಡಬೇಡಿ. ಹಾಳೆ ಬಿಚ್ಚಿದ ದಿನ ನೀವೇ ಹೋಗಿ ಬಿದಿರು ನೋಡಿ, ಮೊದಲ ಕಂತು ಆಗ ಕೊಡಿ. ಉಳಿದದ್ದು ನೀರಿಗೆ ಇಳಿಸಿದ ಮೇಲೆ. ದಂಡೆ ಪಕ್ಕ ಮೊಣಕಾಲುದ್ದ ನೀರಿನಲ್ಲಿ, ಇಬ್ಬರು ಆಳಿನ ತೂಕದಷ್ಟು ಮರಳಿನ ಚೀಲ ಹಾಕಿ ಅರ್ಧ ದಿನ ಬಿಡಿ. ಚೀಲ ಎತ್ತಿದಾಗ ತಳ ಒಣಗಿದ್ದರೆ ಬಾಕಿ ಕೊಟ್ಟು ತನ್ನಿ. ತೇವ ಇದ್ದರೆ ಅಲ್ಲೇ ಮತ್ತೆ ಬೋರಲು ಹಾಕಿಸಿ.

ಅಂಚಿನ ಕಟ್ಟೇ ಕೊಳೆತಿದ್ದರೆ, ಇಲ್ಲಾ ತಳದ ದಬ್ಬೆಗಳಲ್ಲಿ ಅರ್ಧಕ್ಕರ್ಧ ಪುಡಿ ಉದುರಿದರೆ ರಿಪೇರಿಗೆ ದುಡ್ಡು ಹಾಕಬೇಡಿ, ಹೊಸದೇ ಹೆಣೆಸಿ. ಅಲ್ಲಿಯವರೆಗೆ ಅದನ್ನು ನಡುನೀರಿಗೆ ಒಯ್ಯಬೇಡಿ, ಲೈಫ್ ಜಾಕೆಟ್ ಇದ್ದರೂ ಸರಿ. ನಾಳೆ ಮಧ್ಯಾಹ್ನ ಬೋರಲು ಹಾಕಿ ಒಳಗಿಂದ ಒಂದೆರಡು ಫೋಟೋ ತೆಗೆದು ಹಾಕಿ, ನೋಡಿ ಹೇಳುತ್ತೇನೆ.