ಉಪವಾಸಕ್ಕೆ ಮಾತ್ರೆ ಬಿಡಬೇಕೆ?

ಪ್ರಶ್ನೆ: ಸಿಸ್ಟರಮ್ಮಾ, ನನಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದಿಂದ ನಲವತ್ತು ದಿನವೂ ಹಗಲು ಬರೀ ನೀರು ಕುಡಿದು ಉಪವಾಸ ಮಾಡು, ಮಾತ್ರೆಯನ್ನೂ ನಿಲ್ಲಿಸು ಎಂದು ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಹೇಳುತ್ತಾರೆ. ‘ಮನುಷ್ಯ ರೊಟ್ಟಿಯಿಂದ ಮಾತ್ರ ಬದುಕುವುದಿಲ್ಲ’ ಅನ್ನುವ ವಾಕ್ಯ ತೋರಿಸುತ್ತಾರೆ. ಬೇಡ ಅಂದರೆ ದೇವರ ವಾಕ್ಯವನ್ನೇ ತಳ್ಳಿಹಾಕಿದಂತಲ್ಲವೇ?
– ಓದುಗರು, ಬಂಗಾರಪೇಟೆ

ಉತ್ತರ: ಅಣ್ಣಾ, ಇವತ್ತಿನ ಮಾತ್ರೆ ತೆಗೆದುಕೊಂಡಿರಾ? ಇಲ್ಲದಿದ್ದರೆ ಮೊದಲು ಅದು, ಆಮೇಲೆ ಈ ಉತ್ತರ. ಕೋಲಾರದಲ್ಲಿ ನರ್ಸ್ ಆಗಿದ್ದಾಗ, ಹೊಟ್ಟೆಗಿಲ್ಲದೆ ಶುಗರ್ ಇಳಿದು ಮೈಯೆಲ್ಲ ಬೆವೆತು, ನೀರಿನ ಲೋಟ ಹಿಡಿಯಲಾರದಷ್ಟು ಕೈ ನಡುಗುತ್ತ ಬಂದವರನ್ನು ನೋಡಿದ್ದೇನೆ. ಮಾತ್ರೆ ಬಿಟ್ಟು ಶುಗರ್ ಏರಿಸಿಕೊಂಡು ಬಂದವರನ್ನೂ ನೋಡಿದ್ದೇನೆ.

ಇನ್ನು ವಾಕ್ಯ. ಅದು ಬೈಬಲ್‌ನ ಮತ್ತಾಯ 4ನೇ ಅಧ್ಯಾಯದ್ದು. 2026ರ ತಪಸ್ಸು ಕಾಲದ ಮೊದಲ ಭಾನುವಾರ, ಫೆಬ್ರವರಿ 22ರ ಪೂಜೆಗೆ ಗೊತ್ತುಮಾಡಿರುವ ಶುಭಸಂದೇಶ ವಾಚನವೂ ಅದೇ. ರೊಟ್ಟಿಯ ಮಾತಿಗೇ ನಿಲ್ಲಿಸದೆ ಮುಂದಕ್ಕೆ ಓದಿ. ಸೈತಾನ ಯೇಸುವನ್ನು ದೇವಾಲಯದ ಮೇಲೆ ನಿಲ್ಲಿಸಿ ‘ಧುಮುಕು’ ಅನ್ನುತ್ತಾನೆ. ಅದಕ್ಕೆ ಅವನು ಕೊಡುವ ಆಧಾರ ಕೀರ್ತನೆ 91: ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ! ಯೇಸು ಆ ಕೀರ್ತನೆ ಸುಳ್ಳು ಅನ್ನಲಿಲ್ಲ. ‘ನಿನ್ನ ದೇವರನ್ನು ಪರೀಕ್ಷಿಸಬೇಡ’ ಎಂಬ, ಬೈಬಲ್‌ನದೇ ಧರ್ಮೋಪದೇಶಕಾಂಡದ ಮಾತಿನಿಂದ ಉತ್ತರ ಕೊಟ್ಟರು. ಕೈಯಲ್ಲಿರುವ ಔಷಧಿ ಎಸೆದು ‘ದೇವರೇ ಕಾಪಾಡಲಿ’ ಅನ್ನುವುದು ದೇವರನ್ನು ಪರೀಕ್ಷಿಸುವುದೇ.

ರೊಟ್ಟಿಯ ವಾಕ್ಯ ಬಂದಿದ್ದೂ ಧರ್ಮೋಪದೇಶಕಾಂಡದಿಂದಲೇ, 8:3. ಮರಳುಗಾಡಲ್ಲಿ ಹಸಿದಿದ್ದ ಜನಕ್ಕೆ ದೇವರು ಆಕಾಶದಿಂದ ಸುರಿಸಿದ ಆಹಾರ, ಮನ್ನಾ, ಉಣಿಸಿದ ನೆನಪು ಅಲ್ಲಿದೆ. ಆ ಜನ ಉಂಡರು ಅಣ್ಣಾ. ಊಟ ಯಾರ ಕೈಯಿಂದ ಬಂತು ಅನ್ನುವುದನ್ನು ಮರೆಯಬೇಡಿ ಎನ್ನುತ್ತದೆ ಆ ವಾಕ್ಯ.

ಅದೇ ಭಾನುವಾರದ ಮೊದಲ ವಾಚನ ಆದಿಕಾಂಡದ್ದು. ‘ಯಾವ ಮರದ ಹಣ್ಣನ್ನೂ ತಿನ್ನಬಾರದು ಅಂದಿದ್ದಾನಂತೆ ದೇವರು, ನಿಜವೇ?’ ಎಂದು ಕೇಳುತ್ತದೆ ಹಾವು. ದೇವರು ಅಂದದ್ದು 2:16-17ರಲ್ಲಿದೆ. ಅಂದಿನ ವಾಚನದಲ್ಲಿ ಆ ಎರಡು ವಾಕ್ಯ ಬರುವುದಿಲ್ಲ, ಮನೆಯ ಬೈಬಲ್ ತೆರೆದು ನೋಡಿ: ಎಲ್ಲ ಮರದ್ದೂ ತಿನ್ನು, ಒಂದನ್ನು ಬಿಟ್ಟು. ನಿಮ್ಮ ಹಿರಿಯರನ್ನು ಕೆಟ್ಟವರು ಅನ್ನುತ್ತಿಲ್ಲ. ಆದರೆ ದೇವರು ಹೇಳದ ಕಟ್ಟಳೆಯನ್ನು ರೋಗಿಯ ಮೇಲೆ ಹೇರಬಾರದು, ಅದು ನನಗೆ ಸಂಕಟ.

ಕಥೋಲಿಕ ಸಭೆಯಲ್ಲಿ ಉಪವಾಸ ಕಡ್ಡಾಯವಿರುವುದು ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. ಅದೂ 18 ತುಂಬಿದವರಿಗೆ, 59 ತುಂಬುವ ತನಕ. ಅಂದೂ ಒಂದು ಪೂರ್ತಿ ಊಟ ಇದ್ದೇ ಇದೆ. ಕಾಯಿಲೆಯವರಿಗೆ ವಿನಾಯಿತಿ. ನಿಮಗೆ ವಯಸ್ಸಿನಿಂದಲೂ ವಿನಾಯಿತಿ.

ತಪಸ್ಸು ಮಾಡಲೇಬೇಕೆಂಬ ನಿಮ್ಮ ಆಸೆ ದೊಡ್ಡದು. ವಿಭೂತಿ ಬುಧವಾರ ಕಳೆದ ಶುಕ್ರವಾರ ಓದುವ ಯೆಶಾಯ 58ರಲ್ಲಿ ದಾರಿ ಇದೆ: ಹಸಿದವರ ಜೊತೆ ಅನ್ನ ಹಂಚಿಕೊಳ್ಳುವುದೇ ದೇವರಿಗೆ ಮೆಚ್ಚಿನ ಉಪವಾಸ. ಮುದ್ದೆ, ಉಪ್ಸಾರು ಹೊತ್ತಿಗೆ ಸರಿಯಾಗಿ ಉಣ್ಣಿ. ಶುಕ್ರವಾರ ಮಾಂಸ ಬಿಟ್ಟು, ಆ ದುಡ್ಡಲ್ಲಿ ನಿಮ್ಮ ಬೀದಿಯ ಯಾರಾದರೂ ಒಂಟಿ ಮುದುಕಿಗೆ ಒಂದು ವಾರದ ಮಾತ್ರೆ ತಂದುಕೊಡಿ. ಹಿರಿಯರಿಗೆ ಮತ್ತಾಯ 4:7 ತೋರಿಸಿ. ಒಪ್ಪದಿದ್ದರೆ ಇಬ್ಬರೂ ಹೋಗಿ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ.