ಟ್ಯಾಂಕರ್ ವಿಭಾಗವನ್ನು ಮೇಲಕ್ಕೆ ತರುವುದು ಹೇಗೆ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಂಘದ ಆಫೀಸಿನಲ್ಲಿ ದೂರು ದಾಖಲಿಸುವ ಸಾಫ್ಟ್‌ವೇರ್ ಇದೆ. ಲಿಫ್ಟ್, ಪಾರ್ಕಿಂಗ್, ಜನರೇಟರ್, ಕಾವೇರಿ ನೀರು, ಟ್ಯಾಂಕರ್ ಅಂತ ಇಪ್ಪತ್ತಕ್ಕೂ ಹೆಚ್ಚು ವಿಭಾಗ, ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ. ಬೇಸಿಗೆ ಬಂತೆಂದರೆ ಟ್ಯಾಂಕರ್ ಮೇಲೆ ಕಾಣಬೇಕು. ಇಲ್ಲದಿದ್ದರೆ ನಿವಾಸಿಗಳು ಹುಡುಕಿ ಸಾಕಾಗಿ ನನಗೇ ಫೋನ್ ಮಾಡುತ್ತಾರೆ. ಅದಕ್ಕೆ 2 ಅಂತ ಕೊಟ್ಟರೆ ಮಿಕ್ಕವನ್ನೆಲ್ಲ ಒಂದೊಂದಾಗಿ ತೆರೆದು, ನಂಬರ್ ತಿದ್ದಿ, ಸೇವ್ ಮಾಡಬೇಕು. ಮಾಡಿಕೊಟ್ಟವರು 'ಏನು ಬೇಕು ಹೇಳಿ, ಬದಲಾಯಿಸೋಣ' ಅಂದಿದ್ದಾರೆ. ಏನು ಕೇಳಲಿ?
– ಆಫೀಸ್ ನಿರ್ವಾಹಕಿ, ಜೆ.ಪಿ. ನಗರ, ಬೆಂಗಳೂರು

ಉತ್ತರ: ಮೇಡಂ, ಅವರಾಗಿ ಕೇಳಿದ್ದಾರೆ, ಬಿಡಬೇಡಿ. ಅವರು ಬದಲಾಯಿಸಿ ಕೊಡುವವರೆಗೆ 1, 2, 3ರ ಬದಲು 10, 20, 30 ಅಂತ ಹಾಕಿಕೊಳ್ಳಿ. ಟ್ಯಾಂಕರ್‌ಗೆ 15 ಕೊಟ್ಟರೆ ಮುಗಿಯಿತು, ಉಳಿದವನ್ನು ಮುಟ್ಟಬೇಕಾಗಿಯೇ ಇಲ್ಲ. 1964ರಲ್ಲಿ ಬಂದ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರು ಸಾಲುಗಳಿಗೆ ಕೊಡುವ ಸಂಖ್ಯೆಗಳ ನಡುವೆ ಹೀಗೇ ಜಾಗ ಬಿಡುತ್ತಿದ್ದರು. ಜಾಗ ಬಿಡದೆ ನಂಬರ್ ಕೊಟ್ಟರೆ ಏನಾಗುತ್ತದೆ ಅನ್ನುವುದು ನಮ್ಮೂರಿನ 'ಎ' ಮೇನ್, 'ಎ' ಕ್ರಾಸ್‌ಗಳಲ್ಲಿ ವಿಳಾಸ ಹುಡುಕಿದವರಿಗೆಲ್ಲ ಗೊತ್ತು. ಒಂದೇ ಸಂಖ್ಯೆಯನ್ನು ಎರಡು ವಿಭಾಗಕ್ಕೆ ಮಾತ್ರ ಕೊಡಬೇಡಿ. ಆಗ ಯಾವುದು ಮೊದಲು ಅನ್ನುವುದಕ್ಕೆ ಡೇಟಾಬೇಸ್ ಖಾತರಿ ಕೊಡುವುದಿಲ್ಲ, ಇವತ್ತೊಂದು ಥರ, ನಾಳೆ ಇನ್ನೊಂದು ಥರ ಕಾಣಬಹುದು.

ಈಗ ಅವರಿಗೆ ಹೇಳಬೇಕಾದ್ದು. 'ಟ್ಯಾಂಕರ್ ಎಲ್ಲಿ ಬರಬೇಕು?' ಅಂತ ನಿಮ್ಮನ್ನು ಕೇಳಿದರೆ 'ಲಿಫ್ಟ್ ಆದ ಮೇಲೆ' ಅನ್ನುತ್ತೀರೇ ಹೊರತು '15' ಅನ್ನುವುದಿಲ್ಲ. ಸಾಫ್ಟ್‌ವೇರ್ ಕೂಡ ಅಷ್ಟನ್ನೇ ಕೇಳಬೇಕು. ಸಂಖ್ಯೆಯ ಲೆಕ್ಕ ಅದರ ಕೆಲಸ, ನಿಮ್ಮದಲ್ಲ. ನಾನು ಬಹಳ ಕಾಲ ಆಫೀಸ್ ಸಾಫ್ಟ್‌ವೇರ್ ಬರೆದವನು. ಆ ಸಂಖ್ಯೆಯ ಡಬ್ಬಿಯನ್ನು ಬಳಸುವವರ ಮುಂದಿಡುವುದು ಬರೆಯುವವರಿಗೆ ಸುಲಭ ಅಂತಲೇ ಹೊರತು ಬೇರೆ ಕಾರಣವಿಲ್ಲ.

ಎಲ್ಲ ವಿಭಾಗಗಳೂ ಒಂದೇ ಪುಟದಲ್ಲಿ ಕಾಣಲಿ. ಮೌಸ್‌ನಲ್ಲಿ ಹಿಡಿದು ಎಳೆದು ಬೇಕಾದಲ್ಲಿ ಬಿಡುವಂತಿರಲಿ. ಅವರು ಬಹುಶಃ ಇಷ್ಟಕ್ಕೇ ನಿಲ್ಲಿಸುತ್ತಾರೆ, ನೀವು ನಿಲ್ಲಿಸಬೇಡಿ. ಉದ್ದನೆಯ ಪಟ್ಟಿಯಲ್ಲಿ ಕೆಳಗಿನದನ್ನು ಮೇಲೆ ಎಳೆಯುವಾಗ ಪುಟ ಸರಿಯದೆ ಕೈ ತಪ್ಪುತ್ತದೆ. ಫೋನಿನಲ್ಲಂತೂ ಬೆರಳು ಎಳೆದದ್ದು ಸಾಲನ್ನೋ ಪುಟವನ್ನೋ ಅನ್ನುವುದೇ ಗೊಂದಲ. ಕೈ ನಡುಗುವವರಿಗೆ, ಬೆರಳು ನೋವಿರುವವರಿಗೆ ಎಳೆಯುವುದೇ ಕಷ್ಟ. ಅದಕ್ಕೇ 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2, ಅಂದರೆ ವೆಬ್ ಪುಟಗಳನ್ನು ಅಂಗವಿಕಲರೂ ಬಳಸುವಂತಿರಬೇಕು ಅನ್ನುವ ಮಾನದಂಡ, ಎಳೆದು ಮಾಡುವ ಕೆಲಸವನ್ನು ಎಳೆಯದೆ, ಬರೀ ಒತ್ತಿ ಮಾಡಲೂ ದಾರಿ ಇರಬೇಕು ಅನ್ನುತ್ತದೆ. ಹಾಗಾಗಿ ಪ್ರತಿ ಸಾಲಿನಲ್ಲೂ 'ಮೇಲೆ', 'ಕೆಳಗೆ' ಬಟನ್ ಕೇಳಿ. ಜೊತೆಗೆ 'ಇದರ ನಂತರ ಇಡು' ಅನ್ನುವ ಪಟ್ಟಿಯೂ ಇರಲಿ. ಇಪ್ಪತ್ತನೆಯದನ್ನು ಎರಡನೆಯದಾಗಿಸಲು 'ಮೇಲೆ' ಬಟನ್ ಹದಿನೆಂಟು ಸಲ ಒತ್ತುವುದು ಯಾರಿಗೂ ಬೇಡ.

ವಿಭಾಗ ಸರಿದರೆ ಅದರೊಳಗಿನ ಉಪವಿಭಾಗಗಳೂ ಜೊತೆಗೇ ಸರಿಯಬೇಕು. ಸೇವ್ ಕೊನೆಯಲ್ಲಿ ಒಂದೇ ಸಲ, ಅದನ್ನು ಒತ್ತುವ ತನಕ ನಿವಾಸಿಗಳಿಗೆ ಹಳೆಯ ಕ್ರಮವೇ ಕಾಣಬೇಕು. ಹಿಂದಿನ ಕ್ರಮಕ್ಕೆ ಮರಳುವ ಬಟನ್ ಒಂದು ಇದ್ದರೆ ಮಳೆಗಾಲದಲ್ಲೂ ನಿಮಗೆ ಉಪಯೋಗ.

ಮಾಡಿ ತಂದಾಗ ಅವರ ಲ್ಯಾಪ್‌ಟಾಪಿನಲ್ಲಿ ನೋಡಿ ಒಪ್ಪಬೇಡಿ. ನಿಮ್ಮ ಫೋನಿನಲ್ಲೇ, ಕಟ್ಟಕಡೆಯ ವಿಭಾಗವನ್ನು ಎರಡನೆಯ ಜಾಗಕ್ಕೆ ನೀವೇ ತಂದು ನೋಡಿ.