ಸೈಲೆನ್ಸರಿನೊಳಗಿನ ಪಲ್ಲಾಡಿಯಂ

ಪ್ರಶ್ನೆ: ನಮ್ಮ ಹಳೆಯ ಕಾರಿನ ಸೈಲೆನ್ಸರ್ ಬಿಚ್ಚಿದ ಮೆಕ್ಯಾನಿಕ್, ಅದರೊಳಗಿನ ಜೇನುಗೂಡಿನಂಥ ಭಾಗದಲ್ಲಿ ಚಿನ್ನದ ಸಾಲಿಗೆ ಸೇರುವ ದುಬಾರಿ ಲೋಹಗಳಿವೆ ಎಂದರು. ಅವುಗಳ ಕೆಲಸವೇನು? ಸರ್ಕಾರಿ ಹಣದಿಂದ ನಡೆಯುವ ನಮ್ಮ ಪ್ರಯೋಗಾಲಯಗಳಲ್ಲಿ ಈ ಕುರಿತು ಸಂಶೋಧನೆ ನಡೆದಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೆಕ್ಯಾನಿಕ್ ಹೇಳಿದ್ದು ನಿಜ. ಆ ಜೇನುಗೂಡು ಸಾಮಾನ್ಯವಾಗಿ ಕಾರ್ಡಿಯರೈಟ್ ಎಂಬ ಪಿಂಗಾಣಿಯದು. ಅದರ ಸಣ್ಣ ಸಣ್ಣ ಕೊಳವೆಗಳ ಒಳಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳನ್ನು ಅತಿ ತೆಳುವಾಗಿ ಲೇಪಿಸಿರುತ್ತಾರೆ. ಎಂಜಿನ್ನಿನಿಂದ ಬರುವ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಅಲ್ಲಿ ಆಮ್ಲಜನಕದೊಡನೆ ಕೂಡಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ನೈಟ್ರೋಜನ್ ಆಕ್ಸೈಡುಗಳು ನೈಟ್ರೋಜನ್ ಆಗುತ್ತವೆ. ಲೋಹ ಮಾತ್ರ ಖರ್ಚಾಗದೆ ಉಳಿಯುತ್ತದೆ. ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವುದೇ ಕ್ರಿಯಾವರ್ಧಕದ (ಕ್ಯಾಟಲಿಸ್ಟ್) ಲಕ್ಷಣ. 1995ರಲ್ಲಿ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಈ ಸಾಧನವನ್ನು (ಕ್ಯಾಟಲಿಟಿಕ್ ಕನ್ವರ್ಟರ್) ಕಡ್ಡಾಯಗೊಳಿಸಿದಾಗ ಸೀಸರಹಿತ ಪೆಟ್ರೋಲನ್ನೂ ಒದಗಿಸಬೇಕಾಯಿತು, ಏಕೆಂದರೆ ಸೀಸ ಬಂದು ಕೂತ ಕ್ರಿಯಾವರ್ಧಕ ನಿಷ್ಕ್ರಿಯವಾಗುತ್ತದೆ.

ಇನ್ನು ಸಂಶೋಧನೆಯ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಕೆಲಸವೊಂದನ್ನು ನಾನು ಬಹಳ ಮೆಚ್ಚುತ್ತೇನೆ. ಲೋಹವನ್ನು ಕಣಗಳಾಗಿ ಲೇಪಿಸಿದರೆ ಕಣದ ಮೇಲ್ಮೈಯಲ್ಲಿರುವ ಪರಮಾಣುಗಳಷ್ಟೇ ದುಡಿಯುತ್ತವೆ, ಒಳಗಿನವು ದಂಡ. ಮೇಲಾಗಿ ಹೊಗೆಯ ಬಿಸಿಗೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. ಎಂ. ಎಸ್. ಹೆಗಡೆಯವರೂ ಅವರ ಸಹೋದ್ಯೋಗಿಗಳೂ ಪಲ್ಲಾಡಿಯಂ ಅನ್ನು ಕಣವಾಗಿ ಬಿಡದೆ, ಸೀರಿಯಂ ಆಕ್ಸೈಡಿನ ಹರಳಿನೊಳಗೆ ಸೀರಿಯಂ ಇರಬೇಕಾದ ಜಾಗದಲ್ಲಿಯೇ ಒಂದೊಂದು ಅಯಾನಾಗಿ (ವಿದ್ಯುದಾವೇಶವುಳ್ಳ ಪರಮಾಣುವಾಗಿ) ಕೂರಿಸಿದರು. ನೂರು ಸ್ಥಾನಗಳಲ್ಲಿ ಒಂದೆರಡನ್ನು ಪಲ್ಲಾಡಿಯಂಗೆ ಕೊಟ್ಟರೂ ಸಾಕಾಗುತ್ತದೆ. ಅಯಾನುಗಳು ಬಿಡಿಬಿಡಿಯಾಗಿರುವುದರಿಂದ ಬೆಲೆಬಾಳುವ ಲೋಹ ವ್ಯರ್ಥವಾಗುವುದಿಲ್ಲ, ಹರಳಿನ ಆಮ್ಲಜನಕವೂ ಕ್ರಿಯೆಯಲ್ಲಿ ಕೈಜೋಡಿಸುತ್ತದೆ.

ಇದನ್ನು ತಯಾರಿಸುವ ವಿಧಾನ ಅದೇ ಸಂಸ್ಥೆಯ ಕೆ. ಸಿ. ಪಾಟೀಲರ ಪ್ರಯೋಗಾಲಯದ್ದು. 1988ರಲ್ಲಿ ಅವರ ತಂಡ ಪ್ರಕಟಿಸಿದ ಮೊದಲ ಪ್ರಯೋಗ ಇಷ್ಟು ಸರಳ: ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಇಂಧನವಾಗಿ ಯೂರಿಯಾವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಗಾಜಿನ ಬಟ್ಟಲಿನಲ್ಲಿ ಹಾಕಿ 500 ಡಿಗ್ರಿ ಸೆಲ್ಸಿಯಸ್ಸಿನ ಕುಲುಮೆಯೊಳಗಿಡುವುದು. ದ್ರಾವಣ ಕುದಿದು ನೊರೆ ಏಳುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಒಳಗಿನಿಂದಲೇ ಜ್ವಾಲೆ ಹೊತ್ತಿಕೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ಬಟ್ಟಲಿನ ತುಂಬ ಹಗುರವಾದ ಬಿಳಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಉಬ್ಬಿ ನಿಂತಿರುತ್ತದೆ. ಗಂಟೆಗಟ್ಟಲೆ ಕಾಯಿಸಿದರೆ ಸಿಗುವ ವಸ್ತುವನ್ನು ಜ್ವಾಲೆಯ ತನ್ನದೇ ಶಾಖ ಕ್ಷಣದಲ್ಲಿ ಮಾಡಿಬಿಡುತ್ತದೆ. (ನೈಟ್ರೇಟು ಮತ್ತು ಇಂಧನದ ಮಿಶ್ರಣ ಅಪಾಯಕಾರಿ; ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ದಯವಿಟ್ಟು ಪ್ರಯತ್ನಿಸಬೇಡಿ.) ಮುಂದೆ ಇದೇ ದಹನ ವಿಧಾನದಿಂದ ಪಲ್ಲಾಡಿಯಂ ಬೆರೆತ ಸೀರಿಯಂ ಆಕ್ಸೈಡನ್ನು ತಯಾರಿಸಿ, ಕಾರ್ಡಿಯರೈಟ್ ಜೇನುಗೂಡಿನ ಮೇಲೆ ನೇರವಾಗಿಯೇ ಬೆಳೆಸಲೂ ಸಾಧ್ಯವಾಯಿತು.

ಪ್ರಶ್ನೆ: ಇಂಥ ಸಂಶೋಧನೆಯಿಂದ ಲಾಭ ಪಡೆಯುವ ಕಂಪನಿಗಳೇ ಖರ್ಚು ಹಾಕಿಕೊಳ್ಳಬಾರದೇಕೆ? ಅದಕ್ಕೆ ತೆರಿಗೆಯ ಹಣವೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಪಾಟೀಲರು ಹೊರಟದ್ದು ಕಾರಿನ ಹೊಗೆಯನ್ನು ಶುದ್ಧಮಾಡಲು ಅಲ್ಲ. ಅವರು ಅಭ್ಯಾಸ ಮಾಡುತ್ತಿದ್ದದ್ದು ಹೈಡ್ರಜೀನ್ ಸಂಯುಕ್ತಗಳನ್ನು. ಇಂಧನ ಎಷ್ಟು, ಅದನ್ನು ಉರಿಸುವ ಆಕ್ಸಿಡೀಕಾರಕ ಎಷ್ಟು ಎಂದು ಅವರು ಲೆಕ್ಕ ಹಾಕಿದ ರೀತಿಯೂ ರಾಕೆಟ್ ನೋದಕಗಳ (ರಾಕೆಟ್ಟನ್ನು ತಳ್ಳುವ ಇಂಧನಮಿಶ್ರಣಗಳ) ರಸಾಯನಶಾಸ್ತ್ರದಿಂದ ಬಂದದ್ದು. ಅಂಥ ಹುಡುಕಾಟ ಒಂದು ದಿನ ಸೈಲೆನ್ಸರಿಗೆ ಬಂದು ಮುಟ್ಟುತ್ತದೆಂದು ಯಾವ ಕಾರು ಕಂಪನಿ ಊಹಿಸಿ ಹಣ ಕೊಡುತ್ತಿತ್ತು? ಎಲ್ಲಿಗೆ ಮುಟ್ಟುತ್ತದೆಂದು ಮೊದಲೇ ತಿಳಿಯದ ಕೆಲಸವನ್ನು ವರ್ಷಾನುಗಟ್ಟಲೆ ಸಾಕಬಲ್ಲದ್ದು ಸಾರ್ವಜನಿಕ ಹಣವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ನಿಮ್ಮ ಮಾತಿನಲ್ಲೂ ಸತ್ಯವಿದೆ: ಕ್ರಿಯಾವರ್ಧಕ ಕಾರ್ಖಾನೆಗೆ ಹೋಗಬೇಕಾದರೆ ಕಂಪನಿ ಜೊತೆಗಿರಲೇಬೇಕು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಾಲ್ ರತ್ನಸಾಮಿಯವರ ತಂಡ 1980ರ ದಶಕದಲ್ಲಿ ರೂಪಿಸಿದ ಎನ್‌ಸಿಲೈಟ್ ಎಂಬ ಜಿಯೋಲೈಟ್ (ಸೂಕ್ಷ್ಮ ರಂಧ್ರಗಳುಳ್ಳ ಹರಳು) ಕ್ರಿಯಾವರ್ಧಕಗಳು ಉದ್ಯಮದ ಸಹಭಾಗಿತ್ವದಲ್ಲಿಯೇ ಕಾರ್ಖಾನೆ ಸೇರಿದವು. ಇಂಥ ಜಿಯೋಲೈಟಿನ ರಂಧ್ರಗಳು ಎಷ್ಟು ಕಿರಿದೆಂದರೆ, ಮೂರು ಬಗೆಯ ಕ್ಸೈಲೀನುಗಳಲ್ಲಿ ನೀಳವಾದ ಪ್ಯಾರಾಕ್ಸೈಲೀನ್ ಮಾತ್ರ ಸಲೀಸಾಗಿ ಹೊರಬರುತ್ತದೆ. ಪಾಲಿಯೆಸ್ಟರ್ ಬಟ್ಟೆಗೆ ಬೇಕಾದ ಮೂಲವಸ್ತು ಅದೇ.